ಅಂಗೈಯಗಲದ ಲಾರಿಗಳು

ಹುಬ್ಬಳ್ಳಿಯಿಂದ ತಡಸದ ಮಾರ್ಗವಾಗಿ ಮುಂಡಗೋಡಕ್ಕೆ ಹೋಗುವ ಪ್ರಯಾಣಿಕನಿಗೆ ಒಂದೆಡೆ ದೃಶ್ಯವು ಥಟ್ಟನೆ ಬದಲಾದಂತೆ ತೋರುತ್ತದೆ. ಅದುವರೆಗೆ ಗೋವಿನಜೋಳದ ಹೊಲ, ಬತ್ತದ ಗದ್ದೆ, ಹೆಂಚಿನ ಮನೆ. ಅಲ್ಲಿಂದ ಮುಂದೆ ಗಾಳಿಗೆ ಪಟಪಟನೆ ಬಡಿಯುವ ಐದು ಬಣ್ಣದ ಪತಾಕೆಗಳು, ಹೊಂಬಣ್ಣದ ಮಾಡುಗಳು, ಕಡುಗೆಂಪು ನಿಲುವಂಗಿಯ ಭಿಕ್ಷುಗಳು. ಇದೇ ಉತ್ತರ ಕನ್ನಡ ಜಿಲ್ಲೆಯ ಟಿಬೆಟನ್ ಕಾಲೊನಿ. ಅಂದಿನ ಮೈಸೂರು ಸರಕಾರವು ನಿರಾಶ್ರಿತರಿಗಾಗಿ ಒದಗಿಸಿದ ನೆಲದಲ್ಲಿ 1966ರಲ್ಲಿ ಈ ವಸತಿಯು ಆರಂಭವಾಯಿತು. ಲಾಸಾ ನಗರದ ಸಮೀಪದಲ್ಲಿದ್ದ ಡ್ರೆಪುಂಗ್ ಮತ್ತು ಗಾಂಡೆನ್ ಎಂಬ ಮಹಾವಿಹಾರಗಳು ಕೆಲವೇ ವರ್ಷಗಳಲ್ಲಿ ಇಲ್ಲಿ ಮತ್ತೆ ತಲೆಯೆತ್ತಿದುವು. ರಜೆಯ ದಿನಗಳಲ್ಲಿ ಹುಬ್ಬಳ್ಳಿ ಧಾರವಾಡಗಳ ಕುಟುಂಬಗಳು ಇಲ್ಲಿಗೆ ಬಂದು ದೇವಾಲಯಗಳನ್ನು ನೋಡಿ, ಮೋಮೋ ತಿಂದು, ಮಕ್ಕಳ ಕೈಗೊಂದು ಆಟಿಕೆಯನ್ನು ಕೊಡಿಸಿ ಹಿಂತಿರುಗುತ್ತವೆ.

ಈ ಊರಿಗೂ ಪುಟ್ಟ ಮೋಟಾರು ಗಾಡಿಗಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ. ಕಾಲೊನಿಯ ಮನೆಮನೆಯಲ್ಲಿಯೂ ಅಂಗಡಿ ಅಂಗಡಿಯಲ್ಲಿಯೂ ಒಂದೇ ಭಾವಚಿತ್ರವು ತೂಗುತ್ತದೆ; ಅದು ಹದಿನಾಲ್ಕನೆಯ ದಲೈ ಲಾಮಾ ಅವರದು. ಕನ್ನಡಕದ ಹಿಂದೆ ನಗುವ ಆ ಮುಖವನ್ನು ಲೋಕವು ಧರ್ಮಗುರುವೆಂದು ಬಲ್ಲುದು. ಆದರೆ ಅವರು ಬಾಲ್ಯದಲ್ಲಿ ಒಬ್ಬ ನುರಿತ ಮಾದರಿ ತಯಾರಕರಾಗಿದ್ದರೆಂಬುದು, ಅದರಲ್ಲಿಯೂ ತಮ್ಮ ಕೈಚಳಕದ ಬಗ್ಗೆ ಸ್ವಲ್ಪ ಜಂಬವನ್ನೇ ಇಟ್ಟುಕೊಂಡಿದ್ದರೆಂಬುದು, ಅವರ ಆತ್ಮಕಥೆಯನ್ನು ಓದಿದವರಿಗೆ ಮಾತ್ರ ತಿಳಿದ ಸಂಗತಿ.

ಹಿಟ್ಟಿನ ಸೈನ್ಯ

ಟಿಬೆಟನ್ನರ ನಿತ್ಯದ ಆಹಾರ ತ್ಸಂಪಾ. ಹುರಿದ ಬಾರ್ಲಿಯ ಹಿಟ್ಟು ಅದು; ನಮ್ಮ ಹುರಿಹಿಟ್ಟಿನ ಬಳಗಕ್ಕೆ ಸೇರಿದ್ದು. ಬೆಣ್ಣೆ ಹಾಕಿದ ಚಹಾದಲ್ಲಿ ಅದನ್ನು ನಾದಿದರೆ ಗಟ್ಟಿಯಾದ ಉಂಡೆಯಾಗುತ್ತದೆ. ಪೊಟಾಲಾ ಅರಮನೆಯಲ್ಲಿ ತನ್ನ ಓರಗೆಯ ಮಕ್ಕಳಿಲ್ಲದೆ, ಕಸಗುಡಿಸುವ ಸೇವಕರನ್ನೇ ಗೆಳೆಯರನ್ನಾಗಿ ಮಾಡಿಕೊಂಡು ಬೆಳೆಯುತ್ತಿದ್ದ ಬಾಲಕನು ಈ ಹಿಟ್ಟಿನಿಂದಲೇ ಟ್ಯಾಂಕುಗಳನ್ನೂ ವಿಮಾನಗಳನ್ನೂ ರೂಪಿಸುತ್ತಿದ್ದನು. ಅದಕ್ಕೊಂದು ಪಂದ್ಯವೇ ಏರ್ಪಡುತ್ತಿತ್ತು. ಎಲ್ಲರಿಗೂ ಸಮನಾದ ಹಿಟ್ಟು; ಎಲ್ಲರಿಗೂ ಅಷ್ಟೇ ಹೊತ್ತು. ವೇಳೆ ಮುಗಿದೊಡನೆ ತೀರ್ಪುಗಾರನೂ ಅವನೇ! ಸೇವಕರ ಒರಟು ಕೈಯಿಂದ ಹೊರಟ ಸೊಟ್ಟ ಟ್ಯಾಂಕುಗಳನ್ನು ಅನರ್ಹವೆಂದು ತಳ್ಳಿಹಾಕಿ, ತನ್ನ ಒಂದು ಟ್ಯಾಂಕಿಗೆ ಎರಡರಷ್ಟು ಹಿಟ್ಟನ್ನು ಬೆಲೆಯಾಗಿ ಕೇಳಿ ಅವರಿಗೇ ಮಾರುತ್ತಿದ್ದನು. ಹೀಗೆ ಯುದ್ಧವು ಆರಂಭವಾಗುವ ಮೊದಲೇ ಅರ್ಧ ಗೆಲುವು ಅವನ ಪಾಲಾಗುತ್ತಿತ್ತು.

ಸೀಸದ ಆಟಿಕೆ ಸೈನಿಕರೂ ಅವನಲ್ಲಿದ್ದರು. ಅವರನ್ನು ಸಾಲುಸಾಲಾಗಿ ಅಣಿಗೊಳಿಸುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಆ ಅಂದವಾದ ವ್ಯೂಹವು ಉರುಳಿಬೀಳುವುದಕ್ಕೆ ಕೆಲವೇ ನಿಮಿಷಗಳು ಸಾಕಾಗುತ್ತಿದ್ದುವು. ತುಸು ದೊಡ್ಡವನಾದ ಮೇಲೆ ಅದೇ ಸೈನಿಕರನ್ನು ಕರಗಿಸಿ, ಅಚ್ಚಿಗೆ ಸುರಿದು, ಭಿಕ್ಷುಗಳನ್ನಾಗಿ ಎರಕ ಹೊಯ್ದನು.

ಇವೆಲ್ಲಕ್ಕಿಂತಲೂ ಪ್ರಿಯವಾದ ವಸ್ತುವೆಂದರೆ ಲಾಸಾದಲ್ಲಿದ್ದ ಬ್ರಿಟಿಷ್ ವ್ಯಾಪಾರ ನಿಯೋಗದ ಮುಖ್ಯಸ್ಥನು ಕೊಟ್ಟ ಮೆಕ್ಯಾನೋ ಪೆಟ್ಟಿಗೆ. ಸಾಲಾಗಿ ತೂತು ಕೊರೆದ ಲೋಹದ ಪಟ್ಟಿಗಳು, ತಿರುಪುಮೊಳೆಗಳು, ಹಿತ್ತಾಳೆಯ ಹಲ್ಲುಚಕ್ರಗಳು; ಇವುಗಳಿಂದ ಸೇತುವೆಯನ್ನಾದರೂ ಕಟ್ಟಬಹುದು, ಭಾರ ಎತ್ತುವ ಯಂತ್ರವನ್ನಾದರೂ ಕಟ್ಟಬಹುದು, ಲಾರಿಯನ್ನಾದರೂ ಕಟ್ಟಬಹುದು. ಹದಿನೈದನೆಯ ವಯಸ್ಸಿನ ಹೊತ್ತಿಗೆ ಅತಿ ಸುಲಭವಾದ ಪೆಟ್ಟಿಗೆಯಿಂದ ಅತಿ ಕಠಿಣವಾದುದರವರೆಗೆ ಎಲ್ಲವೂ ಅವರ ಬಳಿ ಸೇರಿದ್ದುವು. ಮಕ್ಕಳಿಗೆ ಆಟಿಕೆಯನ್ನು ಕೊಡಿಸಿದ ತಂದೆತಾಯಿಗಳಿಗೆ ಇಂತಹ ಕಥೆ ಹೊಸದಲ್ಲ. ಒಂದು ಪೆಟ್ಟಿಗೆ ಬಂದರೆ ಮುಂದಿನದಕ್ಕೆ ಹಟ ತಪ್ಪಿದ್ದಲ್ಲ.

ಇಲ್ಲಿ ಇನ್ನೊಂದು ಮಾತು. ಹಿಟ್ಟಿನಿಂದ ರೂಪಗಳನ್ನು ಮಾಡುವ ಕಲೆಯು ಟಿಬೆಟನ್ನರಿಗೆ ಬರಿಯ ಮಕ್ಕಳಾಟವಲ್ಲ. ಹಿಟ್ಟು ಬೆಣ್ಣೆಗಳಿಂದ ಮಾಡಿ ಪೂಜೆಗೆ ಇಡುವ ತೊರ್ಮಾ ಎಂಬ ನೈವೇದ್ಯಗಳು ವಿಹಾರಗಳಲ್ಲೆಲ್ಲ ಕಾಣಸಿಗುತ್ತವೆ. ಅವುಗಳ ಮೇಲೆ ಬಣ್ಣದ ಬೆಣ್ಣೆಯಿಂದ ಮೂಡಿಸಿದ ಹೂವಿನ ಎಸಳುಗಳು ಉಗುರಿನಷ್ಟೇ ಇದ್ದು, ನಿಜವಾದ ಹೂವನ್ನೇ ಕಿರಿದುಗೊಳಿಸಿ ಅಂಟಿಸಿದಂತೆ ತೋರುತ್ತವೆ.

ಬಿಡಿಭಾಗಗಳಾಗಿ ಬಂದ ಕಾರುಗಳು

ಲಾಸಾದ ಅರಮನೆಯಲ್ಲಿ ನಿಜವಾದ ಕಾರುಗಳೂ ಇದ್ದುವು. ಹದಿಮೂರನೆಯ ದಲೈ ಲಾಮಾ ಅವರಿಗಾಗಿ ತರಿಸಿದ ಎರಡು ಬೇಬಿ ಆಸ್ಟಿನ್‌ಗಳು 1927ರವು. ದೊಡ್ಡದಾದ ಒಂದು ಡಾಜ್ 1931ರದು. ಆ ಕಾಲದಲ್ಲಿ ಭಾರತದಿಂದ ಲಾಸಾಕ್ಕೆ ಮೋಟಾರು ರಸ್ತೆಯೇ ಇರಲಿಲ್ಲ. ಆದುದರಿಂದ ಕಾರುಗಳನ್ನು ಬಿಚ್ಚಿ, ಬಿಡಿಭಾಗಗಳನ್ನಾಗಿ ಹಿಮಾಲಯದ ಕಣಿವೆಗಳ ಮೇಲೆ ಸಾಗಿಸಿ, ಲಾಸಾದಲ್ಲಿ ಮತ್ತೆ ಜೋಡಿಸಲಾಯಿತು. ಇಂದು ಹವ್ಯಾಸಿಗಳು ಪೆಟ್ಟಿಗೆಯಲ್ಲಿ ಬಿಡಿಭಾಗಗಳನ್ನು ತರಿಸಿ ಮೇಜಿನ ಮೇಲೆ ಜೋಡಿಸುವುದಕ್ಕೆ ಕಿಟ್ ಕಟ್ಟುವುದೆನ್ನುತ್ತಾರೆ. ಹಾಗಾದರೆ ಲಾಸಾದ ಕಾರುಗಳು ಕುಗ್ಗಿಸದೆ ಇದ್ದ ಕಿಟ್‌ಗಳೆಂದರೆ ತಪ್ಪಾಗದು.

1933ರಲ್ಲಿ ಹದಿಮೂರನೆಯವರು ದೈವಾಧೀನರಾದ ಬಳಿಕ ಆ ಕಾರುಗಳು ಮೂಲೆ ಸೇರಿದುವು. ಭಾರತದಲ್ಲಿ ತರಬೇತಿ ಪಡೆದು ಬಂದ ಒಬ್ಬ ಚಾಲಕನು ತರುಣ ದಲೈ ಲಾಮಾ ಅವರ ಉತ್ಸಾಹದ ನೆರವಿನೊಡನೆ ಡಾಜನ್ನೂ ಒಂದು ಆಸ್ಟಿನ್ನನ್ನೂ ನಡೆಯುವಂತೆ ಮಾಡಿದನು. ಎರಡನೆಯ ಆಸ್ಟಿನ್ ತನ್ನ ಅಂಗಾಂಗಗಳನ್ನು ಮೊದಲನೆಯದಕ್ಕೆ ದಾನಮಾಡಿ ಸುಮ್ಮನಾಯಿತು. ಚಾಲಕನಿಗೆ ತಿಳಿಯದಂತೆ ಆ ಆಸ್ಟಿನ್ನನ್ನು ತೆಗೆದುಕೊಂಡು ಹೊರಟ ಒಂದು ಸಾಹಸದ ಕಥೆಯೂ ಉಂಟು. ಅದು ಕೊನೆಯಲ್ಲಿ ಬರಲಿ.

ಬೇಬಿ ಆಸ್ಟಿನ್ ಎಂದರೆ ಆಸ್ಟಿನ್ ಸೆವೆನ್. ದೊಡ್ಡ ಕಾರಿನ ಎಲ್ಲ ಅಂಗಗಳನ್ನೂ ಇಟ್ಟುಕೊಂಡು, ಬೈಸಿಕಲ್ ಮೋಟಾರಿನವನಿಗೂ ಎಟುಕುವಷ್ಟು ಚಿಕ್ಕದಾಗಿ, ಅಗ್ಗವಾಗಿ ಕಟ್ಟಬೇಕೆಂದು ಹರ್ಬರ್ಟ್ ಆಸ್ಟಿನ್ ಹಟ ಹಿಡಿದು, ಸ್ಟ್ಯಾನ್ಲಿ ಎಜ್ ಎಂಬ ಹದಿಹರೆಯದ ನಕ್ಷೆಗಾರನನ್ನು ತನ್ನ ಮನೆಯ ಬಿಲಿಯರ್ಡ್ಸ್ ಕೋಣೆಯಲ್ಲಿ ಕೂರಿಸಿ ನಕ್ಷೆ ಬರೆಯಿಸಿದನು. 1922ರಲ್ಲಿ ಗಾಡಿಯು ಹೊರಬಂದಿತು. ಮುಂದಿನ ಹಿಂದಿನ ಗಾಲಿಗಳ ನಡುವಣ ಅಂತರವು ಬರಿಯ 75 ಅಂಗುಲ. ಅದನ್ನು ಮೇಜಿನ ಮೇಲಿನ ಮಾದರಿಯಾಗಿ 43ರಲ್ಲಿ ಒಂದು ಪಾಲಿಗೆ ಇಳಿಸಿದರೆ ಗಾಲಿಗಳ ನಡುವೆ ಉಳಿಯುವುದು 44 ಮಿಲಿಮೀಟರು, ಎಂದರೆ ಎರಡು ಬೆರಳು ದಾಟಿ ಸ್ವಲ್ಪ.

ಈ 43 ಎಲ್ಲಿಂದ ಬಂದಿತು?

ಮೆಕ್ಯಾನೋ ಪೆಟ್ಟಿಗೆಯನ್ನು ಕಂಡುಹಿಡಿದವನು ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ. ತನ್ನ ಗಂಡುಮಕ್ಕಳಿಗಾಗಿ ಲೋಹದ ತಗಡನ್ನು ಕತ್ತರಿಸಿ ಆಟಿಕೆ ಮಾಡುತ್ತಿದ್ದ ಗುಮಾಸ್ತನು 1901ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಪೆಟ್ಟಿಗೆಯ ಬೆನ್ನಹಿಂದೆಯೇ ಅವನ ಕಾರ್ಖಾನೆಯಿಂದ ಆಟಿಕೆ ರೈಲುಗಳು ಹೊರಟುವು. ರೈಲು ಬಂದ ಮೇಲೆ ನಿಲ್ದಾಣ ಬೇಕು. ನಿಲ್ದಾಣದ ಹೊರಗೆ ನಿಲ್ಲಲು ಕಾರು, ಲಾರಿಗಳು ಬೇಡವೆ? 1933ರ ಕೊನೆಯಲ್ಲಿ ಆರು ಪುಟ್ಟ ಗಾಡಿಗಳ ಗುಂಪೊಂದು ಮಾರುಕಟ್ಟೆಗೆ ಬಂದಿತು. ಮರುವರ್ಷ ಅವುಗಳಿಗೆ ಡಿಂಕಿ ಟಾಯ್ಸ್ ಎಂಬ ನಾಮಕರಣವಾಯಿತು. ರೈಲಿನ ಪಕ್ಕದಲ್ಲಿ ನಿಲ್ಲುವುದಕ್ಕೆಂದು ಹುಟ್ಟಿದ ಈ ಗಾಡಿಗಳು ರೈಲನ್ನೇ ಮೂಲೆಗೊತ್ತಿ, ತಾವೇ ಸಂಗ್ರಹದ ವಸ್ತುಗಳಾಗಿ ಮೆರೆದುವು.

ಆ ಆಟಿಕೆ ರೈಲುಗಳ ಬ್ರಿಟಿಷ್ ಅಳತೆಯಲ್ಲಿ ನಿಜದ ಒಂದು ಅಡಿಗೆ ಮಾದರಿಯ 7 ಮಿಲಿಮೀಟರು ಲೆಕ್ಕ. ಒಂದು ಅಡಿಯಲ್ಲಿ 304.8 ಮಿಲಿಮೀಟರುಗಳು, ಏಳರಿಂದ ಭಾಗಿಸಿದರೆ ನಲವತ್ತಮೂರೂವರೆ. ಒಂದಕ್ಕೆ ನಲವತ್ತಮೂರು ಎಂಬ ವಿಚಿತ್ರ ಸಂಖ್ಯೆಯು ಹುಟ್ಟಿದ್ದು ಹೀಗೆ. ಅಡಿಯನ್ನೂ ಮಿಲಿಮೀಟರನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಇಂತಹ ಕರುವೇ ಹುಟ್ಟಬೇಕು! ಹವ್ಯಾಸಿಗಳ ಜಗತ್ತಿನಲ್ಲಿ ಇತರ ಅಳತೆಗಳೂ ಇವೆ. ಅಡಿಗೆ ಅರ್ಧ ಅಂಗುಲವೆಂದರೆ ಒಂದಕ್ಕೆ ಇಪ್ಪತ್ತನಾಲ್ಕು. ಬಿಡಿಭಾಗಗಳಿಂದ ಕಾರು ಕಟ್ಟುವವರಿಗೆ ಇದು ಮೆಚ್ಚು. ಅಂಗಡಿಗಳಲ್ಲಿ ಮಕ್ಕಳು ಕೊಳ್ಳುವ ಮೂರು ಅಂಗುಲದ ಕಾರುಗಳು ಸುಮಾರಾಗಿ ಒಂದಕ್ಕೆ ಅರವತ್ತನಾಲ್ಕು. ಸುಮಾರಾಗಿ ಎಂದು ಹೇಳಬೇಕಾದುದೇಕೆಂದರೆ, ಆ ಅಗ್ಗದ ಗಾಡಿಗಳಲ್ಲಿ ಲಾರಿಯೂ ಕಾರೂ ಒಂದೇ ಡಬ್ಬಿಯಲ್ಲಿ ಹಿಡಿಸಬೇಕಾಗಿ, ಲಾರಿಯನ್ನು ಹೆಚ್ಚು ಕುಗ್ಗಿಸುತ್ತಾರೆ. ನಿಜವಾದ ಹವ್ಯಾಸಿಯು ಇದನ್ನು ಕ್ಷಮಿಸುವುದಿಲ್ಲ.

ಆಟಿಕೆಗೂ ಮಾದರಿಗೂ ಇರುವ ಅಂತರವು ಇದೇ. ಆಟಿಕೆಯು ಕಾರಿನಂತಿದ್ದರೆ ಸಾಕು. ಮಾದರಿಯು ಲೆಕ್ಕ ಒಪ್ಪಿಸಬೇಕು. ನಮ್ಮ ಅಂಬಾಸಡರ್ ಕಾರನ್ನೇ ನೋಡೋಣ. 1957ರಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಈ ಗಾಡಿಯು ಸುಮಾರು 4,325 ಮಿಲಿಮೀಟರು ಉದ್ದವಿತ್ತು. 43ರಿಂದ ಭಾಗಿಸಿದರೆ ನೂರು ಮಿಲಿಮೀಟರಿಗೆ ಕೂದಲೆಳೆಯಷ್ಟು ಹೆಚ್ಚು. ಮಾದರಿಯು ನೂರಾಐದು ಬಂದರೆ ನೋಡುವವನಿಗೆ ಏನು ತಪ್ಪೆಂದು ಹೇಳಲಾಗದು. ಆದರೂ ಅದು ತನ್ನ ಚಿಕ್ಕಪ್ಪನ ಅಂಬಾಸಡರ್ ಅಲ್ಲವೆಂದು ಅವನ ಕಣ್ಣು ಒಳಗೊಳಗೇ ಹೇಳುತ್ತದೆ.

ಅಳತೆಯ ಈ ಕಟ್ಟುನಿಟ್ಟು ಮುಂಡಗೋಡದ ವಿಹಾರಗಳಿಗೂ ಹೊಸದಲ್ಲ. ಭಿಕ್ಷುಗಳು ಬಣ್ಣದ ಮರಳಿನಿಂದ ರಚಿಸುವ ಮಂಡಲವನ್ನು ಅನೇಕರು ರಂಗೋಲಿಯೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ದೇವತೆಯ ಅರಮನೆಯ ನಕ್ಷೆ. ಬಾಗಿಲಿನ ಅಗಲವು ಮೂಲಮಾನ. ಗೋಡೆ, ಮೊಗಸಾಲೆ, ತೋರಣಗಳೆಲ್ಲವೂ ಅದರ ಇಷ್ಟಿಷ್ಟು ಪಾಲು. ಸುಣ್ಣದ ದಾರವನ್ನು ಎಳೆದು ಬಿಟ್ಟು ಗೆರೆಗಳನ್ನು ಮೂಡಿಸಿದ ಮೇಲೆಯೇ ಮರಳಿಗೆ ಕೈ ಹಚ್ಚುವುದು. ಅದೇ ಅರಮನೆಯನ್ನು ಮರದಲ್ಲಿಯೋ ಲೋಹದಲ್ಲಿಯೋ ಮೂರು ಆಯಾಮಗಳ ಮಾದರಿಯಾಗಿ ನಿಲ್ಲಿಸುವ ಪದ್ಧತಿಯೂ ಉಂಟು. ಪೊಟಾಲಾ ಅರಮನೆಯಲ್ಲಿ ಅಂತಹವು ಇವೆ. ನಮ್ಮ ಶಿಲ್ಪಿಗಳ ತಾಳಮಾನವೂ ಇದೇ ಜಾಡಿನದು. ಬೇಲೂರಿನ ದೇವಾಲಯದ ಮೆಟ್ಟಿಲುಗಳ ಇಕ್ಕೆಲಗಳಲ್ಲಿ ನಿಂತ ಪುಟ್ಟ ಗುಡಿಗಳನ್ನು ಕಂಡವರಿಗೆ, ದೊಡ್ಡದನ್ನು ಅಳತೆ ಕೆಡದಂತೆ ಕಿರಿದಾಗಿಸುವ ಬಯಕೆಯು ಲಿವರ್‌ಪೂಲಿನಲ್ಲಿ ಹುಟ್ಟಿದುದಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ.

ಕಡ್ಡಿಯ ಬಿದಿರು, ಕಾಗದದ ತಾಡಪಾಲು

ಕಾರುಗಳನ್ನು ಕೊಳ್ಳಬಹುದು, ಭಾರತದ ಲಾರಿಯನ್ನು ಮಾತ್ರ ಕಟ್ಟಿಯೇ ತೀರಬೇಕು. ಕಾರಣ ಸರಳವಾಗಿದೆ. ಬಹುಕಾಲದವರೆಗೆ ನಮ್ಮ ಕಾರ್ಖಾನೆಗಳಿಂದ ಹೊರಬರುತ್ತಿದ್ದುದು ಇಡಿಯ ಲಾರಿಯಲ್ಲ. ಎಂಜಿನು, ಗಾಲಿ, ಮೂತಿ ಇಷ್ಟೇ ಇದ್ದ ಬರಿಯ ಚಾಸಿಸ್. ಜಮಷೇಡಪುರದಲ್ಲಿ 1954ರಿಂದ ಟಾಟಾ ಸಂಸ್ಥೆಯು ಮರ್ಸಿಡಿಸ್ ಬೆಂಜ್ ಸಹಕಾರದೊಡನೆ ತಯಾರಿಸಿದ ಲಾರಿಗಳೂ ಅಂತಹವೇ. ಚಾಲಕನು ತೆರೆದ ಚಾಸಿಸ್ ಮೇಲೆ ಕುಳಿತು, ಮುಖಕ್ಕೆ ವಸ್ತ್ರ ಸುತ್ತಿಕೊಂಡು, ನೂರಾರು ಮೈಲಿ ನಡೆಸಿಕೊಂಡು ಬಂದು ಬಡಗಿಯ ಅಂಗಳದಲ್ಲಿ ನಿಲ್ಲಿಸುತ್ತಿದ್ದನು. ಕೋಣೆಯನ್ನೂ ಒಡಲನ್ನೂ ಅಲ್ಲಿ ಕಟ್ಟುತ್ತಿದ್ದರು. ಆದುದರಿಂದ ಹುಬ್ಬಳ್ಳಿಯ ಲಾರಿಯು ಅಮೃತಸರದ ಲಾರಿಯಂತಿರುತ್ತಿರಲಿಲ್ಲ. ಹಣೆಯ ಮೇಲಿನ ಹಲಗೆ, ಬದಿಯ ಹೂಬಳ್ಳಿ, ಹಿಂಬದಿಯ ಬರೆಹ, ಎಲ್ಲವೂ ಆಯಾ ಊರಿನ ಕೈಬರೆಹ. ಯಾವ ವಿದೇಶೀ ಸಂಸ್ಥೆಯ ಅಚ್ಚಿನಿಂದಲೂ ಇದು ಹೊರಬರುವಂತಿಲ್ಲ.

ದಾಂಡೇಲಿ ಹಳಿಯಾಳದ ಕಡೆಯವರಿಗೆ ಪರಿಚಿತವಾದ ಬಿದಿರಿನ ಲಾರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಗೆ ಕಾಡಿನ ಬಿದಿರನ್ನು ಹೊತ್ತು ತರುತ್ತಿದ್ದ ಗಾಡಿಗಳು ಆ ಸೀಮೆಯ ಜನರ ನೆನಪಿನಲ್ಲಿವೆ. ಅಂತಹ ಲಾರಿಯ ಒಡಲು 17 ಅಡಿ ಉದ್ದ, 7 ಅಡಿ ಅಗಲವೆಂದಿಟ್ಟುಕೊಳ್ಳಿ. ಅಡಿಗೆ ಏಳರಂತೆ ಗುಣಿಸಿದರೆ 119 ಮಿಲಿಮೀಟರು ಉದ್ದ, 49 ಮಿಲಿಮೀಟರು ಅಗಲ. ಬಡಗಿಯು ಅಡಿಯಲ್ಲಿಯೇ ಮಾತನಾಡುವುದರಿಂದ ಹವ್ಯಾಸಿಗೆ ಈ ಲೆಕ್ಕವು ಬಾಯಿಪಾಠದಷ್ಟು ಸುಲಭ. ಆರು ಅಂಗುಲದ ಹಲಗೆಯು ಮೂರೂವರೆ ಮಿಲಿಮೀಟರಿನ ಪಟ್ಟಿಯಾಗುತ್ತದೆ. ಐಸ್‌ಕ್ರೀಮಿನ ಕಡ್ಡಿಯನ್ನು ಉದ್ದಕ್ಕೆ ಸೀಳಿದರೆ ಹಲಗೆ ಸಿದ್ಧ. ಚಾಸಿಸ್ಸಿಗೆ ದಪ್ಪ ಕಾರ್ಡಿನ ಎರಡು ತೊಲೆಗಳು. ಮೂತಿಯನ್ನು ಹಗುರವಾದ ಬಾಲ್ಸಾ ಮರದಿಂದ ಕೆತ್ತಿ, ಉಪ್ಪುಕಾಗದದಿಂದ ನುಣುಪುಗೊಳಿಸಿ, ರಂಧ್ರಗಳನ್ನು ಲಪ್ಪದಿಂದ ಮುಚ್ಚಬೇಕು.

ಇನ್ನು ಬಿದಿರು. ಹಿಡಿಗಡ್ಡಿಯ ಪೊರಕೆಯನ್ನು ಬಿಚ್ಚಿ ಒಂದೂವರೆ ಮಿಲಿಮೀಟರು ದಪ್ಪದ ಕಡ್ಡಿಗಳನ್ನು ಆರಿಸಿಕೊಳ್ಳಿ. ಅವನ್ನು 43ರಿಂದ ಗುಣಿಸಿದರೆ ಆರೂವರೆ ಸೆಂಟಿಮೀಟರು. ಕಾಡಿನ ಬಿದಿರಿನ ಗಾತ್ರವೇ ಅದು. ಮನೆಯಾಕೆಯ ಪೊರಕೆಗೆ ಕೈಹಾಕುವ ಧೈರ್ಯವಿದ್ದವರಿಗೆ ಒಂದು ಲಾರಿಯ ಸರಕು ಪುಕ್ಕಟೆಯಾಗಿ ದೊರೆಯುತ್ತದೆ. ಹಗ್ಗಕ್ಕೆ ಹೊಲಿಗೆಯ ದಾರ. ತಾಡಪಾಲಿಗೆ ಬಟ್ಟೆಯನ್ನು ಬಳಸಬಾರದು. ಬಟ್ಟೆಯ ನೇಯ್ಗೆಯು ಈ ಅಳತೆಯಲ್ಲಿ ಮೀನುಬಲೆಯಂತೆ ಕಾಣುತ್ತದೆ. ತೆಳ್ಳನೆಯ ಕಾಗದವನ್ನು ನೀರು ಬೆರೆಸಿದ ಅಂಟಿನಲ್ಲಿ ಅದ್ದಿ ಹೊದಿಸಿದರೆ ಮಡಿಕೆಗಳು ತಾವಾಗಿಯೇ ಬೀಳುತ್ತವೆ.

ಹೊಸಬರು ಎಡವುವುದು ಬಣ್ಣದಲ್ಲಿ. ಎಲ್ಲವನ್ನೂ ಕಿರಿದುಗೊಳಿಸಬಹುದು, ಬಣ್ಣದ ಪದರವನ್ನು ಕಿರಿದುಗೊಳಿಸಲಾಗದು. ಬ್ರಷ್ಷಿನಿಂದ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲಿನಷ್ಟು ಬಣ್ಣ ಕೂತಿತೆಂದರೆ ಅದು ನಿಜವಾದ ಲಾರಿಯ ಮೇಲೆ ಅರ್ಧ ಸೆಂಟಿಮೀಟರಿಗೆ ಸಮೀಪದ ಗಾರೆಯಂತೆ ಲೆಕ್ಕ. ಆದುದರಿಂದಲೇ ಅನುಭವಿಗಳು ತೆಳ್ಳಗೆ ಮೂರು ನಾಲ್ಕು ಸಲ ಹಚ್ಚುತ್ತಾರೆ; ಪ್ರತಿಸಲವೂ ಒಣಗಲು ಬಿಡುತ್ತಾರೆ. ಹೊಳಪೂ ಹಾಗೆಯೇ. ಅಂಗಡಿಯಿಂದ ಬಂದ ಹೊಸ ಲಾರಿಯಂತೆ ಮಿರುಗುವ ಮಾದರಿಯು ಎಂದಿಗೂ ನಿಜವೆನಿಸದು. ಗಾಲಿಯ ಸುತ್ತ ಕೆಮ್ಮಣ್ಣು, ಹೊಗೆಗೊಳವೆಯ ಹಿಂದೆ ಮಸಿ, ಚಾಲಕನ ಮೊಣಕೈ ತಾಗುವ ಬಾಗಿಲಿನ ಅಂಚಿನಲ್ಲಿ ಸವೆದ ಬಣ್ಣ, ಮುಂಭಾಗದಲ್ಲಿ ದಾರಕ್ಕೆ ಪೋಣಿಸಿದ ನಿಂಬೆಹಣ್ಣು ಮೆಣಸಿನಕಾಯಿ. ಇಷ್ಟು ಬಂದಾಗ ಲಾರಿಗೆ ಜೀವ ಬರುತ್ತದೆ. ನಿಂಬೆಹಣ್ಣಿನ ಗಾತ್ರವು ಸಾಸಿವೆ ಕಾಳಿನಷ್ಟೂ ಇರುವುದಿಲ್ಲವೆಂಬುದನ್ನು ನೆನಪಿಡಬೇಕು.

ಲಾರಿಗಿಂತಲೂ ಬಸ್ಸು ಕನ್ನಡದ ತರುಣರನ್ನು ಹೆಚ್ಚಾಗಿ ಸೆಳೆದಿದೆ. ಕರ್ನಾಟಕದಲ್ಲಿಯೂ ಕೇರಳದಲ್ಲಿಯೂ ಸರಕಾರೀ ಸಾರಿಗೆ ಬಸ್ಸುಗಳನ್ನು ಫೋಮ್ ಹಲಗೆಯಿಂದಲೂ ಕಾರ್ಡಿನಿಂದಲೂ ಕಟ್ಟುವ ಹವ್ಯಾಸಿಗಳಿದ್ದಾರೆ. ಕೆಂಪು ಬಸ್ಸಿನ ಕಿಟಕಿಯ ಕಂಬಿಗಳು, ಮೇಲಿನ ಏಣಿ, ಹಣೆಯ ಮೇಲಿನ ಊರಿನ ಫಲಕ ಇವುಗಳನ್ನು ಅವರು ತಪ್ಪದೆ ಮೂಡಿಸುತ್ತಾರೆ. ಕೆಲವರು ಒಳಗೆ ದೀಪಗಳನ್ನೂ ಹೊತ್ತಿಸುತ್ತಾರೆ. ತಾವು ಹುಟ್ಟಿದ ಊರಿಗೆ ಹೋಗುವ ಕೊನೆಯ ಬಸ್ಸನ್ನು ಆರಿಸಿಕೊಳ್ಳುವ ಹವ್ಯಾಸಿಗೆ ಏಕೆಂದು ಕೇಳಬೇಕಾಗಿಲ್ಲ.

ಪೆಟ್ಟಿಗೆಯಲ್ಲಿ ಇಡುವವರು

ಕಟ್ಟುವವರದು ಒಂದು ಕುಲವಾದರೆ ಕೂಡಿಡುವವರದು ಇನ್ನೊಂದು. ಈ ಎರಡನೆಯ ಕುಲವನ್ನು ಬೆಳೆಸಿದ್ದು ಲಂಡನ್ನಿನ ಲೆಸ್ನಿ ಸಂಸ್ಥೆಯ ಬೆಂಕಿಪೊಟ್ಟಣದ ಕಾರುಗಳು. ಶಾಲೆಗೆ ಬೆಂಕಿಪೊಟ್ಟಣದಲ್ಲಿ ಹಿಡಿಸುವ ಆಟಿಕೆಯನ್ನು ಮಾತ್ರ ತರಬಹುದೆಂಬ ನಿಯಮವಿದ್ದುದರಿಂದ, ಸಂಸ್ಥೆಯ ಪಾಲುದಾರ ಜ್ಯಾಕ್ ಓಡೆಲ್ ತನ್ನ ಮಗಳಿಗಾಗಿ ಹಿತ್ತಾಳೆಯ ಪುಟ್ಟ ರಸ್ತೆ ಉರುಳೆಯೊಂದನ್ನು ಮಾಡಿಕೊಟ್ಟನೆಂಬುದು ಹವ್ಯಾಸಿಗಳೆಲ್ಲ ಬಲ್ಲ ಕಥೆ. 1953ರಲ್ಲಿ ಮ್ಯಾಚ್‌ಬಾಕ್ಸ್ ಹೆಸರಿನ ಗಾಡಿಗಳು ಮಾರುಕಟ್ಟೆಗೆ ಬಂದುವು. 1968ರಲ್ಲಿ ಅಮೆರಿಕದ ಹಾಟ್ ವೀಲ್ಸ್ ತೆಳ್ಳನೆಯ ಅಚ್ಚಿನ ಮೇಲೆ ಸರ್ರನೆ ಓಡುವ ಗಾಲಿಗಳೊಡನೆ ಬಂದು ಎಲ್ಲರನ್ನೂ ಹಿಂದಿಕ್ಕಿತು. ಲೆಸ್ನಿ 1982ರಲ್ಲಿ ದಿವಾಳಿಯಾಯಿತು. ಡಿಂಕಿಯ ಲಿವರ್‌ಪೂಲ್ ಕಾರ್ಖಾನೆಯು 1979ರಲ್ಲಿಯೇ ಬಾಗಿಲು ಮುಚ್ಚಿತ್ತು. ಡಿಂಕಿಯ ಕೆಲವು ಹಳೆಯ ಅಚ್ಚುಗಳು ಅದಕ್ಕೆ ಮೊದಲೇ ಭಾರತವನ್ನು ಸೇರಿ, ಇಲ್ಲಿ ನಿಕಿ ಟಾಯ್ಸ್ ಎಂಬ ಹೆಸರಿನಲ್ಲಿ ಗಾಡಿಗಳಾಗಿ ಹೊರಬಂದುವು. ಸವೆದ ಅಚ್ಚಿನ ಎರಕವಾದುದರಿಂದ ಅವು ಸ್ವಲ್ಪ ಒರಟು. ಒಂದು ಕಾಲದಲ್ಲಿ ಯಾರೂ ಮೂಸದಿದ್ದ ಆ ಒರಟು ಗಾಡಿಗಳನ್ನು ಈಗ ವಿದೇಶದ ಸಂಗ್ರಾಹಕರು ಹುಡುಕುತ್ತಾರೆ.

ಚನ್ನಪಟ್ಟಣದ ಮರದ ಕಾರನ್ನು ಇಲ್ಲಿ ನೆನೆಯದಿದ್ದರೆ ಅನ್ಯಾಯವಾದೀತು. ಆಲೆ ಮರದ ತುಂಡು ಲೇತು ಯಂತ್ರದಲ್ಲಿ ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಬಣ್ಣವಾಗಿ ಹಿಡಿಯುತ್ತದೆ. ತಾಳೆಗರಿಯಿಂದ ತಿಕ್ಕಿದರೆ ಹೊಳಪು. ಆ ಕಾರಿಗೆ ಯಾವ ಅಳತೆಯೂ ಇಲ್ಲ, ಯಾವ ಕಂಪನಿಯ ಹೆಸರೂ ಇಲ್ಲ. ಸಂಗ್ರಾಹಕರ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ದೊರೆಯಲಿಕ್ಕಿಲ್ಲ. ಎರಡು ವರ್ಷದ ಮಗುವಿಗೆ ಮಾತ್ರ ಅದಕ್ಕಿಂತ ನಿಜವಾದ ಕಾರು ಬೇರೊಂದಿಲ್ಲ. ಬಾಯಿಗಿಟ್ಟರೂ ಗೋಡೆಗೆಸೆದರೂ ಅದು ಕಾರಾಗಿಯೇ ಉಳಿಯುತ್ತದೆ.

ಲೋಹದ ಕಾರಿಗೆ ಆ ಭಾಗ್ಯವಿಲ್ಲ. ಈ ಗಾಡಿಗಳನ್ನು ಎರಕ ಹೊಯ್ಯುವುದು ಸತುವಿನ ಮಿಶ್ರಲೋಹದಿಂದ. ಆ ಮಿಶ್ರಣದಲ್ಲಿ ಸೀಸದ ಅಂಶವು ಲವಲೇಶ ಸೇರಿಕೊಂಡರೂ ಸಾಕು, ವರ್ಷಗಳು ಕಳೆದಂತೆ ಲೋಹದ ಕಣಗಳ ನಡುವೆ ಕೊಳೆತವು ಹರಡುತ್ತದೆ. ಮೊದಲು ಬಣ್ಣದ ಮೇಲೆ ಕೂದಲಿನಂತಹ ಬಿರುಕು; ಬಳಿಕ ಗಾಡಿಯು ಸೊಟ್ಟಗಾಗಿ ಉಬ್ಬುತ್ತದೆ; ಕೊನೆಗೊಂದು ದಿನ ಮುಟ್ಟಿದೊಡನೆ ಬಿಸ್ಕತ್ತಿನಂತೆ ಪುಡಿ. ಸತುವಿನ ಪಿಡುಗೆಂದು ಇದನ್ನು ಕರೆಯುತ್ತಾರೆ. 1930ರ ದಶಕದ ಅನೇಕ ಡಿಂಕಿ ಗಾಡಿಗಳು ಹೀಗೆಯೇ ಪೆಟ್ಟಿಗೆಯೊಳಗೇ ಅಳಿದುವು. ಹತ್ತಿದ ಮೇಲೆ ಇದಕ್ಕೆ ಔಷಧವಿಲ್ಲ. ತೇವವು ಇದನ್ನು ಬೇಗನೆ ಹಬ್ಬಿಸುತ್ತದೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಇರುವ ಸಂಗ್ರಾಹಕನು ಮಳೆಗಾಲದ ನಾಲ್ಕು ತಿಂಗಳು ತನ್ನ ಕಪಾಟನ್ನು ಹಸುಗೂಸಿನಂತೆ ಕಾಯಬೇಕು. ಗಾಜಿನ ಬಾಗಿಲು, ತೇವ ಹೀರುವ ಸಿಲಿಕಾ ಹರಳಿನ ಚೀಲ, ನೇರ ಬಿಸಿಲಿಲ್ಲದ ಗೋಡೆ, ಇವಿಷ್ಟು ಅಗತ್ಯ. ಮೆದುವಾದ ಟಯರುಗಳು ಪ್ಲಾಸ್ಟಿಕ್ ತಳದ ಮೇಲೆ ವರ್ಷಗಟ್ಟಲೆ ನಿಂತರೆ ಅದನ್ನೇ ಕರಗಿಸಿ ಗುಳಿ ಮಾಡುವುದುಂಟು. ಗಾಡಿಯ ಹೊಟ್ಟೆಯ ಕೆಳಗೆ ಪುಟ್ಟ ಆಧಾರವಿಟ್ಟು ಗಾಲಿಗಳನ್ನು ಎತ್ತಿ ನಿಲ್ಲಿಸುವವನು ಜಾಣ.

ಆದರೂ ಈ ಕುಲದವರ ಒಂದು ನಡವಳಿಕೆಯು ಹೊರಗಿನವರಿಗೆ ಒಗಟಾಗಿಯೇ ಉಳಿದಿದೆ. ಅವರ ಮಾರುಕಟ್ಟೆಯಲ್ಲಿ ಆಟಕ್ಕೆ ಬಳಸಿದ ಗಾಡಿಗಿಂತ ಪೆಟ್ಟಿಗೆಯಿಂದ ಹೊರಬರದ ಗಾಡಿಗೆ ಹಲವು ಪಾಲು ಬೆಲೆ. ಮಗುವೊಂದು ಎಂದೂ ಮುಟ್ಟಲಿಲ್ಲವೆಂಬುದೇ ಆಟಿಕೆಯ ಹೆಚ್ಚುಗಾರಿಕೆ! ಕಾಗದದ ಡಬ್ಬಿಯ ಮುಚ್ಚಳದ ನಾಲಗೆಯು ಹರಿದಿದ್ದರೂ ಮುಖ ಸಿಂಡರಿಸುವವರಿದ್ದಾರೆ.

ಮುಂಡಗೋಡದ ಭಿಕ್ಷುಗಳು ಮರಳಿನ ಮಂಡಲಕ್ಕೆ ಮಾಡುವುದು ಇದಕ್ಕೆ ತೀರ ವಿರುದ್ಧ. ಚಕ್ಪುರ್ ಎಂಬ ಲೋಹದ ಕೊಳವೆಯ ಉಬ್ಬುಗೆರೆಗಳ ಮೇಲೆ ಕಡ್ಡಿಯಿಂದ ತೀಡುತ್ತ ಕಣಕಣವಾಗಿ ಮರಳನ್ನು ಉದುರಿಸಿ, ದಿನಗಟ್ಟಲೆ ಬೆನ್ನು ಬಾಗಿಸಿ ಅರಮನೆಯನ್ನು ಕಟ್ಟುತ್ತಾರೆ. ಬಾಗಿಲಿನ ಅಳತೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗಕೂಡದು. ಪೂಜೆ ಮುಗಿದೊಡನೆ ಅದನ್ನು ಗೀಚಿ, ಗುಡಿಸಿ, ಕುಂಭಕ್ಕೆ ತುಂಬಿ ಹರಿಯುವ ನೀರಿಗೆ ಬಿಡುತ್ತಾರೆ. ನೋಡುತ್ತ ನಿಂತ ಪ್ರವಾಸಿಗಳು ಅಯ್ಯೋ ಎನ್ನುತ್ತಾರೆ. ಭಿಕ್ಷುಗಳು ಪೊರಕೆಯನ್ನು ಕೊಡವಿ ಒಳಗೆ ಹೋಗುತ್ತಾರೆ. ಸಂಗ್ರಾಹಕನೊಬ್ಬನನ್ನು ಆ ಹೊತ್ತಿಗೆ ಅಲ್ಲಿಗೆ ಕರೆದೊಯ್ಯುವುದು ಅವನ ಆರೋಗ್ಯದ ದೃಷ್ಟಿಯಿಂದ ಉಚಿತವಲ್ಲ. ಕಟ್ಟುವವನಾದರೆ ಹೇಗೋ ಸಹಿಸಿಯಾನು. ಮೇಜಿನ ಮೇಲೆ ತಿಂಗಳುಗಟ್ಟಲೆ ಕೂತ ಲಾರಿಯು ಮುಗಿದ ದಿನ ಅವನಿ‌ಗೆ ಸಂತೋಷಕ್ಕಿಂತ ಒಂದು ಬಗೆಯ ಖಾಲಿತನವೇ ಹೆಚ್ಚು. ಮರುದಿನ ಅವನು ಇನ್ನೊಂದು ಚಾಸಿಸ್ಸಿಗೆ ಕಾರ್ಡು ಕತ್ತರಿಸತೊಡಗುತ್ತಾನೆ.

ಹಾಗೆಂದು ಮುಂಡಗೋಡದವರು ಏನನ್ನೂ ಕೂಡಿಡುವುದಿಲ್ಲವೆನ್ನುವಂತಿಲ್ಲ. ಲಾಸಾದ ಬಳಿಯಿದ್ದ ವಿಹಾರಗಳ ಹೆಸರನ್ನು, ಅವುಗಳೊಳಗಿನ ವಿದ್ಯಾಶಾಖೆಗಳ ಹೆಸರನ್ನು, ಪಾಠಕ್ರಮವನ್ನು, ದಿನಚರಿಯನ್ನು ಬದಲಿಸದೆ ಈ ಕೆಮ್ಮಣ್ಣಿನ ಮೇಲೆ ಮತ್ತೆ ನಿಲ್ಲಿಸಿದವರು ಅವರು. ಅಲ್ಲಿ ಬಿಟ್ಟುಬಂದುದನ್ನು ಕಣ್ಣಾರೆ ಕಂಡವರು ಈಗ ಬಹಳ ಮಂದಿ ಉಳಿದಿಲ್ಲ.

ಈಗ ಆ ಆಸ್ಟಿನ್ನಿನ ಕಥೆ. ಗಾಡಿಯ ಬೀಗದ ಕೈಗಳು ಚಾಲಕನ ಬಳಿ ಇರುತ್ತಿದ್ದುವು. ಆದರೆ ಆಸ್ಟಿನ್ನನ್ನು ಹಿಡಿಕೆ ತಿರುಗಿಸಿಯೂ ಚಾಲೂ ಮಾಡಬಹುದೆಂಬುದನ್ನು ತರುಣ ದಲೈ ಲಾಮಾ ಕಂಡುಕೊಂಡಿದ್ದರು. ಚಾಲಕನಿಲ್ಲದ ಒಂದು ದಿನ ಅದನ್ನು ಹೊರಗೆಳೆದು ಉದ್ಯಾನದಲ್ಲಿ ಸುತ್ತಲು ಹೊರಟರು. ಉದ್ಯಾನದ ತುಂಬ ಮರಗಳು. ಸ್ವಲ್ಪ ದೂರ ಹೋಗುವುದರೊಳಗೆ ಗಾಡಿಯು ಒಂದಕ್ಕೆ ತಾಗಿತು. ಮುಂದೀಪದ ಗಾಜು ಒಡೆಯಿತು. ಬೇರೊಂದು ಗಾಜಿನ ಚೂರನ್ನು ಕತ್ತರಿಸಿ ಕೂಡಿಸುವುದು ಅವರಿಗೆ ಕಷ್ಟವಾಗಲಿಲ್ಲ. ಆದರೆ ಮೊದಲಿದ್ದುದು ಸಾದಾ ಗಾಜಲ್ಲ. ಹೊಸ ಗಾಜು ಅದಕ್ಕೆ ಹೊಂದಲಿಲ್ಲ. ಆಗ ಹಿಟ್ಟಿನ ಟ್ಯಾಂಕುಗಳ ತಯಾರಕನು ಸಕ್ಕರೆಯನ್ನು ಕರಗಿಸಿ ಗಾಜಿನ ಮೇಲೆ ಲೇಪಿಸಿ, ಹಳೆಯದರಂತೆಯೇ ಕಾಣುವ ದೀಪವನ್ನು ಸಿದ್ಧಪಡಿಸಿದನು. ಕಾರನ್ನು ಮೊದಲಿದ್ದ ಜಾಗದಲ್ಲಿಯೇ ನಿಲ್ಲಿಸಿದ್ದಾಯಿತು. ಆಮೇಲೆ ಚಾಲಕನನ್ನು ಕಂಡಾಗ ಅವರಿಗೆ ಮನಸ್ಸು ಚುಚ್ಚಿತು. ಅವನಿಗೆ ತಿಳಿಯದೆ ಇರಲಾರದೆಂದೇ ಅವರ ನಂಬಿಕೆ. ಚಾಲಕನು ಮಾತ್ರ ಒಂದು ಮಾತನ್ನೂ ಆಡಲಿಲ್ಲ.